ಜೋಕರ್ ಗೊಂಬೆಯ ಕೈ

ಮನೋರಂಜನಾ ಪಾರ್ಕಿನವರು ಹೊಸ ದೈತ್ಯ ಉಯ್ಯಾಲೆಯ ವಿನ್ಯಾಸವನ್ನು ಹೊರಗಿನ ಗುತ್ತಿಗೆದಾರನೊಬ್ಬನಿಗೆ ವಹಿಸಿದ್ದರು. ಉಯ್ಯಾಲೆಯ ಬಾಗಿಲಲ್ಲಿ ನಿಲ್ಲಿಸಿದ ಜೋಕರ್ ಗೊಂಬೆಯೂ ಅವನದೇ. ಅದರ ಚಾಚಿದ ಕೈಗೆ ತಲೆ ತಾಗದ ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ.

ಉದ್ಘಾಟನೆಯ ದಿನ ಪುಟ್ಟ ಹುಡುಗಿಯೊಬ್ಬಳು ಆ ಕೈಯಡಿ ತುದಿಗಾಲಲ್ಲಿ ನಿಂತಳು. ಗುತ್ತಿಗೆದಾರ ಬಗ್ಗಿ, "ಹಿಮ್ಮಡಿ ಕೆಳಗಿಡು ಕಂದಾ" ಎಂದ. ತಲೆ ಒಂದಿಂಚು ಕೆಳಗಿಳಿಯಿತು. ಹುಡುಗಿ ಅಳುತ್ತಾ ಅಪ್ಪನ ಕೈ ಹಿಡಿದು ಹೊರಟುಹೋದಳು.

ಪಾರ್ಕಿನ ಮ್ಯಾನೇಜರಿಗೆ ರೇಗಿತು.

"ಏನ್ರೀ ಇದು, ಬೆಳಗ್ಗೆಯಿಂದ ಹನ್ನೊಂದನೇ ಮಗು! ಆ ಕೈನ ಒಂದಿಂಚು ಇಳಿಸಿ."

"ಅಷ್ಟು ಚಿಕ್ಕವರನ್ನ ಸೀಟಿನ ಬೆಲ್ಟು ಹಿಡಿಯಲ್ಲ ಸಾರ್."

"ಒಂದಿಂಚಿಗೆ ಏನೂ ಆಗಲ್ಲ ಕಣ್ರೀ. ಡಿಸೈನ್ ನಿಮ್ದಿರಬಹುದು, ಪಾರ್ಕು ನಮ್ದು. ಹೀಗೆ ಅಳಿಸಿ ಕಳಿಸ್ತೀರಲ್ಲ, ನಿಮಗೇನು ಮಕ್ಕಳಿಲ್ವಾ?"

ಗುತ್ತಿಗೆದಾರ ಜೇಬಿನಿಂದ ಸ್ಪ್ಯಾನರ್ ತೆಗೆದು, ಗೊಂಬೆಯ ಭುಜದ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.

"ಒಬ್ಳಿದ್ಲು ಸಾರ್. ಹಿಂದಿನ ಪಾರ್ಕಲ್ಲಿ ನಾನೇ ಒಂದಿಂಚು ಇಳಿಸಿದ್ದೆ, ಅವಳೂ ಕೂತ್ಕೊಳ್ಳಲಿ ಅಂತ."