ಒಣಬಿದಿರಿನ ಕೋಲು

ಕಪಾಟಿನಷ್ಟಿದ್ದ ಹಳೆಯ ಟೀವಿಯನ್ನು ರಿಪೇರಿಗೆಂದು ಜಗಲಿಗೆ ತಂದಿಟ್ಟಿದ್ದರು. ಅದರ ಬೆನ್ನು ಬಿಚ್ಚಿ, ಪ್ಲಗ್ಗು ಕೀಳದೆ ಕೈ ಹಾಕಿದ್ದು ಮೆಕ್ಯಾನಿಕ್ ನಂಜಯ್ಯನದೇ ತಪ್ಪು. ಒಳಗಿನ ತಗಡು ಅವನ ಕೈಯನ್ನು ಕಚ್ಚಿ ಹಿಡಿಯಿತು. ಕೂಗೋಣವೆಂದರೆ ದನಿ ಹೊರಡಲಿಲ್ಲ. ಸತ್ತೆ ಎಂದುಕೊಳ್ಳುವಷ್ಟರಲ್ಲಿ ಮನೆಯ ಯಜಮಾನರು ಓಡಿ ಬಂದರು. ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡು, ಬಟ್ಟೆ ಹರವುವ ಒಣಬಿದಿರಿನ ಕೋಲು ತಂದು ಅವನನ್ನು ಆಚೆಗೆ ತಳ್ಳಿದರು.

ಉಸಿರು ಮರಳಿದಾಗ ನಂಜಯ್ಯನಿಗೆ ಕಣ್ಣು ತುಂಬಿ ಬಂತು.

"ಸ್ವಾಮಿ, ದೇವ್ರು ಬಂದಂಗೆ ಬಂದ್ರಿ. ಬೇರೆಯೋರಾಗಿದ್ರೆ ಗಾಬ್ರೀಲಿ ನನ್ನ ಹಿಡ್ಕೊಂಡು ಅವ್ರೂ ಹೋಗ್ಬಿಡೋರು. ಮುಟ್ಬೇಡಿ, ಕೋಲಲ್ಲಿ ತಳ್ಳಿ ಅಂತ ನಮ್ ಮೆಕ್ಯಾನಿಕ್ ಸಂಘದಲ್ಲಿ ವರ್ಷವರ್ಷ ಹೇಳ್ಕೊಟ್ರೂ ನಮಗೇ ನೆನಪಿರಲ್ಲ. ನಿಮಗೆಲ್ಲಿ ಟ್ರೈನಿಂಗ್ ಆಯ್ತು?"

"ಎಂಥಾ ಟ್ರೈನಿಂಗಯ್ಯ?"

"ಅದೇ, ಕರೆಂಟು ಹಿಡಿದೋರ್ನ ಬಿಡ್ಸೋದು. ಮುಂದಿನ ಸಭೇಲಿ ನಿಮಗೊಂದು ಶಾಲು ಹೊದಿಸ್ತೀವಿ ಸ್ವಾಮಿ."

ಯಜಮಾನರು ಕೋಲಿನ ತುದಿಗೆ ನೀರು ಸುರಿದು ತೊಳೆಯುತ್ತಿದ್ದರು.

"ಕರೆಂಟಿನ ವಿಷಯ ನನಗೇನು ಗೊತ್ತಯ್ಯ? ಆಗಷ್ಟೇ ಸ್ನಾನ ಮಾಡಿ ಮಡಿ ಉಟ್ಟಿದ್ದೆ. ನಿಮ್ಮೋರನ್ನ ಮುಟ್ಟಿದ್ರೆ ಮತ್ತೆ ತಣ್ಣೀರು ಹೊಯ್ಕೋಬೇಕು, ಈ ಚಳೀಲಿ ಯಾರಿಗೆ ಬೇಕು?"