ಬಿದ್ದ ಸೇತುವೆ

ಸೇತುವೆ ಮುರಿದುಬಿದ್ದ ವಾರದಲ್ಲೇ ಪುಟ್ಟಮಾದಪ್ಪನ ಮಗಳಿಗೆ ಹೆರಿಗೆ ಬೇನೆ ಶುರುವಾಯಿತು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಸುತ್ತುದಾರಿ ಹಿಡಿದ ಕಾರಿನಲ್ಲೇ ಮಗು ಹುಟ್ಟಿತು, ಕಾರಿನಲ್ಲೇ ತೀರಿಕೊಂಡಿತು.

ಇವತ್ತು ಎಂಜಿನಿಯರ್ ಜೀಪಿನಿಂದ ಇಳಿದದ್ದೇ ತಡ, ಪುಟ್ಟಮಾದಪ್ಪ ಹೋಗಿ ಕೊರಳಪಟ್ಟಿ ಹಿಡಿದ.

"ಎಷ್ಟು ಸಿಮೆಂಟು ನುಂಗಿದ್ರಿ? ನನ್ನ ಮೊಮ್ಮಗನ್ನ ಕೊಂದೋರು ನೀವು!"

"ಸಿಮೆಂಟು ಗಟ್ಟಿಯಾಗೇ ಇತ್ತು ಯಜಮಾನ್ರೇ. ಕಂಬಗಳ ಬುಡದಲ್ಲಿ ಮರಳೇ ಉಳಿದಿರ್ಲಿಲ್ಲ. ಕಂಬ ಎಲ್ಲಿ ನಿಲ್ಲುತ್ತೆ?"

"ಕುಂಟುನೆಪ ಹೇಳ್ಬೇಡಿ! ನಮ್ಮೂರು ಮುಂದೆ ಬರೋದು ಬೇಡ್ವಾ? ಮಳೆಗಾಲದೊಳಗೆ ಹೊಸ ಸೇತುವೆ ಆಗ್ಲೇಬೇಕು!"

ಹಿಂದೆ ನಿಂತಿದ್ದ ಜನ ಹೌದು ಹೌದು ಎಂದು ಕೂಗಿದರು.

"ಕಟ್ಟೋಣ. ಆದ್ರೆ ಮರಳೆಲ್ಲಿಂದ ತರೋದು? ಹೊಳೇಲಿ ಬರೀ ಬಂಡೆ ಉಳಿದಿದೆ."

ಪುಟ್ಟಮಾದಪ್ಪನ ಹಿಡಿತ ಸಡಿಲವಾಯಿತು. ಅವನು ಮುದುಡಿಹೋಗಿದ್ದ ಕೊರಳಪಟ್ಟಿಯನ್ನು ತಾನೇ ಸರಿಮಾಡಿ, ಜನರಿಗೆ ಕೇಳಿಸದಂತೆ ಎಂಜಿನಿಯರ್ ಕಿವಿಯ ಬಳಿ ಬಾಗಿದ.

"ಅದರ ಯೋಚ್ನೆ ಬಿಡಿ ಸಾರ್. ನನ್ನ ತೋಟದಲ್ಲಿ ರಾಶಿ ಹಾಕಿಸಿದ್ದೀನಿ. ಅಪ್ಪಟ ಹೊಳೆ ಮರಳು, ಈ ಕಂಬಗಳ ಬುಡದ್ದೇ."