ಅಂಗಿ ಒಣಗುವ ಜಾಗ

ನೆರಳು ಕಾಲಿಗೆ ತಾಕಿದ್ದೇ ತಡ, ಎಪ್ಪತ್ತು ದಾಟಿದ ಪ್ಯಾಟ್ರಿಶಿಯಾ ಮೂರನೆಯ ಸಲ ಎದ್ದು ಕುರ್ಚಿಯನ್ನು ತಾನೇ ಎಳೆಯತೊಡಗಿದಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಅರ್ಧ ಉಳಿದ ಬಿಯರ್ ಲೋಟ. ವೇಟರ್ ಕ್ಯಾಮಿಲಸ್ ಓಡಿ ಬಂದು ಕುರ್ಚಿ ಹಿಡಿದುಕೊಂಡ. ಮಧ್ಯಾಹ್ನ ಆಕೆ ಬಂದಾಗ ಅವನು ದೊಡ್ಡ ಕೊಡೆಯ ಕೆಳಗಿನ ತಣ್ಣಗಿನ ಜಾಗವನ್ನೇ ಕೊಟ್ಟಿದ್ದ. ಉಡುಪಿ ಕಡೆಯ ಅವನ ಊರು ಶಿರ್ವದಲ್ಲಿ, ಮನೆಗೆ ಬಂದವರನ್ನು ಬಿಸಿಲಲ್ಲಿ ಕೂರಿಸಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಆಕೆ ಅಲ್ಲಿ ಒಂದು ನಿಮಿಷವೂ ಕೂರಲಿಲ್ಲ.

ಈಗ ಜನವರಿಯ ಸಂಜೆ ಐದು ಗಂಟೆ. ಬರ್ ದುಬೈಯ ಆ ಸಣ್ಣ ಹೋಟೆಲಿನ ಪಬ್ ತೋಟದಲ್ಲಿ ಉಳಿದಿದ್ದದ್ದು ಗೋಡೆಯ ಬುಡದ ಚಾಪೆಯಗಲ ಬಿಸಿಲು ಮಾತ್ರ. ಮಿಕ್ಕದ್ದನ್ನು ಪಕ್ಕದಲ್ಲಿ ಏಳುತ್ತಿದ್ದ ಟವರ್ ನುಂಗಿತ್ತು.

"ಇಷ್ಟೇನಾ? ಮುಗಿದೇ ಹೋಯಿತಾ?" ಎಂದಳು ಪ್ಯಾಟ್ರಿಶಿಯಾ. ಕ್ಯಾಮಿಲಸ್ ಕುರ್ಚಿಯನ್ನು ಆ ಚೂರು ಬಿಸಿಲಿಗೆ ಇಟ್ಟ. ಆಕೆ ಹೇಳಿದಳು, "ನಾವು ಇಂಗ್ಲೆಂಡಿನ ಯಾರ್ಕ್‌ನವರು. ಸುತ್ತ ಕೋಟೆ ಗೋಡೆ ಇರುವ ಹಳೇ ಊರು, ಕೈ ಚಾಚಿದರೆ ಎದುರು ಮನೆ ಸಿಗುವಂಥ ಓಣಿಗಳು, ಬಿಸಿಲೇ ಅಪರೂಪ. ಯಾವ ಪಬ್ಬಿನ ತೋಟದಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಎಂದು ಹುಡುಕುವುದೇ ನನಗೂ ನನ್ನ ಗಂಡನಿಗೂ ಭಾನುವಾರದ ಕೆಲಸ. ಹನ್ನೆರಡಕ್ಕೆ ಒಂದು, ಎರಡಕ್ಕೆ ಇನ್ನೊಂದು, ಕೊನೆಯದು ಊರಾಚೆ ಹೊಳೆಯ ದಡದಲ್ಲಿ. ನಲವತ್ತು ವರ್ಷ ಸೂರ್ಯನ ಹಿಂದೆ ನಡೆದೆವು. ಕೊನೆಯ ಬಿಸಿಲು ಲೋಟಕ್ಕೆ ಬೀಳದೆ ಅವರು ಎದ್ದದ್ದೇ ಇಲ್ಲ. ಅವರು ಹೋದ ಮೇಲೆ ಇವತ್ತೇ ಮೊದಲು ನಾನು ಒಬ್ಬಳೇ ಕೂತಿರುವುದು. ನಾಳೆ ಬೆಳಿಗ್ಗೆ ನನ್ನ ವಿಮಾನ."

ಕ್ಯಾಮಿಲಸ್ ಬೆರಗಾಗಿ ನಿಂತ. ಅಂಗಳದಲ್ಲಿ ಹಪ್ಪಳದ ಚಾಪೆಯನ್ನು ಬಿಸಿಲು ಹೋದಲ್ಲಿಗೆ ಎಳೆಯುತ್ತಿದ್ದ ಅಮ್ಮನನ್ನು ಅವನು ಕಂಡಿದ್ದ. ಮನುಷ್ಯರು ತಮ್ಮನ್ನೇ ಹಾಗೆ ಎಳೆದುಕೊಂಡು ತಿರುಗುತ್ತಾರೆಂದು ಕೇಳಿರಲಿಲ್ಲ.

ಬೆರಗಿನ ಬೆನ್ನಿಗೇ ಅವನಿಗೆ ಹೆದರಿಕೆಯೂ ಆಯಿತು. ಕೊನೆಯ ಬಿಸಿಲು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಅಡಿಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರುಗಳ ಪಕ್ಕ. ಎರಡು ಕಟ್ಟಡಗಳ ಸಂದಿಯಿಂದ ಐದೂಕಾಲಿಗೆ ಬಂದರೆ ಹದಿನೈದು ನಿಮಿಷ ಇರುತ್ತದೆ, ಹಗಲು ಬೆಳೆದಂತೆ ಅದೂ ಬೆಳೆಯುತ್ತದೆ. ಅಲ್ಲಿ ಕದ್ದು ಹಗ್ಗ ಕಟ್ಟಿ ಯೂನಿಫಾರ್ಮಿನ ಅಂಗಿ ಒಣಗಿಸುವ ನಾಲ್ಕು ಜನ ವೇಟರುಗಳನ್ನು ಬಿಟ್ಟರೆ ಯಾರಿಗೂ ಅದು ತಿಳಿಯದು. ಕಾರ್ಮಿಕರ ಬಡಾವಣೆ ಅಲ್ ಕೂಜ್‌ನ ಅವರ ರೂಮಿನಲ್ಲಿ ಎಂಟು ಮಂಚ. ಕಿಟಕಿ ತೆರೆದರೆ ಗೋದಾಮಿನ ಗೋಡೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ! ದುಬೈಯಲ್ಲಿದ್ದೂ ಅಂಗಿಗಳು ಮುಗ್ಗುವಾಸನೆ ಹೊಡೆಯುತ್ತಿದ್ದವು. ಆದರೆ ಹೋಟೆಲಿನಲ್ಲಿ ಬಟ್ಟೆ ಒಣಹಾಕಬಾರದೆಂದು ಬಾರ್ ಮ್ಯಾನೇಜರ್ ಶೀನಪ್ಪನ ಕಟ್ಟಪ್ಪಣೆ. ಹೋದ ತಿಂಗಳು ಟೆರೇಸಿನಲ್ಲಿ ಬರೀ ಕಾಲುಚೀಲ ಹರವಿದವನ ವೀಸಾ ಕ್ಯಾನ್ಸಲ್ ಆಗಿ ಅವನು ಊರು ಸೇರಿದ್ದ. ಕ್ಯಾಮಿಲಸ್‌ನ ಪ್ರೊಬೇಶನ್ ಮುಗಿಯಲು ಇನ್ನೂ ಹತ್ತು ದಿನವಿತ್ತು.

"ಬನ್ನಿ ಮೇಡಂ," ಎಂದು ಅವನು ಕುರ್ಚಿಯನ್ನು ಹೆಗಲಿಗೇರಿಸಿದ.

ಅಡಿಗೆಮನೆ ದಾಟಿ ಹಿಂದಕ್ಕೆ ಬಂದಾಗ ಅಲ್ಲಿ ಬರಿಯ ಬೂದು ಗೋಡೆ, ಹಗ್ಗದ ಮೇಲೆ ನಾಲ್ಕು ಒದ್ದೆ ಅಂಗಿ. ಪ್ಯಾಟ್ರಿಶಿಯಾ ಏನೂ ಕೇಳದೆ ಕೂತು, ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಗೆಸ್ಟನ್ನು ಹುಡುಕುತ್ತ ಶೀನಪ್ಪ ಬಂದಿದ್ದ.

"ನಿಂಗೆ ತಲೆ ಉಂಟಾ ಕ್ಯಾಮಿಲಸ್? ಗೆಸ್ಟನ್ನು ಸಿಲಿಂಡರ್ ಹತ್ರ ಕೂರಿಸುದಾ?" ಎಂದವನ ಕಣ್ಣು ಹಗ್ಗದ ಮೇಲೆ ಬಿತ್ತು. "ಇದೆಂತದು? ಯಾರ ಅಂಗಿ ಇದು?"

"ನಂದು ಸರ್."

"ನಾಲ್ಕೂ?"

"ನಾಲ್ಕೂ ನಂದೇ ಸರ್."

ಶೀನಪ್ಪ ಇನ್ನೇನೋ ಹೇಳಲು ಬಾಯಿ ತೆರೆದ. ಪ್ಯಾಟ್ರಿಶಿಯಾ ಬೆರಳೆತ್ತಿ ತಡೆದಳು.

ಬಿಸಿಲು ಬಂತು. ಮೊದಲು ಅಂಗಿಗಳ ತೋಳಿಗೆ, ಆಮೇಲೆ ಆಕೆಯ ಬಿಳಿ ಕೂದಲಿಗೆ, ಆಮೇಲೆ ಲೋಟದೊಳಕ್ಕೆ. ನೆಲದ ಎಣ್ಣೆಜಿಡ್ಡು ಕೂಡ ಹೊಳೆಯಿತು. ದಿನಾ ನೋಡುತ್ತಿದ್ದ ಕ್ಯಾಮಿಲಸ್‌ಗೂ ಅದು ಇಷ್ಟು ಚೆಂದವೆಂದು ಇವತ್ತೇ ತಿಳಿದದ್ದು. ಇಷ್ಟು ದಿನ ಅಂಗಿ ಒಣಗುತ್ತದೋ ಇಲ್ಲವೋ ಎಂದಷ್ಟೇ ಅವನು ನೋಡುತ್ತಿದ್ದ. ಬಿಸಿಲು ನಿಧಾನಕ್ಕೆ ಶೀನಪ್ಪನ ಮುಖಕ್ಕೂ ಏರಿತು. ಹದಿನಾಲ್ಕು ವರ್ಷದಿಂದ ಅವನು ಮಧ್ಯಾಹ್ನಕ್ಕೆ ಮುಂಚೆ ಆ ಕತ್ತಲೆಯ ಬಾರ್ ಹೊಕ್ಕರೆ ನಡುರಾತ್ರಿಯೇ ಹೊರಗೆ ಬರುತ್ತಿದ್ದದ್ದು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದ, ಮತ್ತೆ ಯಾಕೋ ಇಳಿಸಿದ. ಹಾಗೇ ಕಣ್ಣು ಮುಚ್ಚಿ ನಿಂತ.

ಬಿಸಿಲು ಲೋಟ ಬಿಟ್ಟು ಹೋಗುವ ಹೊತ್ತಿಗೆ ಪ್ಯಾಟ್ರಿಶಿಯಾ ಕೊನೆಯ ಗುಟುಕು ಕುಡಿದಳು. ಕ್ಯಾಮಿಲಸ್‌ನ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಕಣ್ಣೊರೆಸಿಕೊಂಡು ಒಳಗೆ ನಡೆದಳು.

ಕ್ಯಾಮಿಲಸ್ ಅವಸರದಿಂದ ಹಗ್ಗಕ್ಕೆ ಕೈ ಹಾಕಿದ. ಶೀನಪ್ಪ ಹತ್ತಿರ ಬಂದು ಒಂದು ಅಂಗಿಯ ಕಾಲರನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ತೆಗೀಬೇಡ ಮಾರಾಯ. ಇನ್ನೂ ಒದ್ದೆ ಉಂಟು." ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ತಿರುಗಿ ನೋಡದೆ ಕೇಳಿದ, "ನಾಳೆ ಎಷ್ಟು ಹೊತ್ತಿಗೆ ಬರ್ತದೆ ಇದು?"

ಡ್ಯೂಟಿಯಲ್ಲಿ ಸರ್ ಎನ್ನಬೇಕೆಂಬುದು ಕ್ಯಾಮಿಲಸ್‌ಗೆ ಮರೆತೇಹೋಯಿತು.

"ಇದೇ ಹೊತ್ತಿಗೆ, ಶೀನಪ್ಪಣ್ಣ. ನಾಳೆ ಒಂದು ನಿಮಿಷ ಹೆಚ್ಚು ಇರ್ತದೆ."